ಸಹಾಯ ಬೇಕು: ಹಳೆಯ ಪದ್ಮಿನಿಗೆ ಯಾವ ಎಂಜಿನ್ ಆಯಿಲ್?
ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಕೊತ್ರೂಡಿನ ನಮ್ಮ ಮನೆಯಲ್ಲಿ ಅಪ್ಪ ಕೊಂಡ 1978ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. 1089 ಸಿಸಿ ಎಂಜಿನ್. ಮೊದಲಿನಿಂದಲೂ 20ಡಬ್ಲ್ಯೂ-50 ದರ್ಜೆಯ ದಪ್ಪ ಮಿನರಲ್ ಆಯಿಲ್. ಈಗ ಮೆಕ್ಯಾನಿಕ್ ಅದಕ್ಕಿಂತ ತೆಳುವಾದ 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿಸಿ ಎನ್ನುತ್ತಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಸವೆದ ಬೇರಿಂಗ್‌ಗಳಲ್ಲಿ ಅಷ್ಟು ತೆಳು ಎಣ್ಣೆಗೆ ಒತ್ತಡ ನಿಲ್ಲುವುದು ಕಷ್ಟ, ಅದೂ ಏಪ್ರಿಲ್ ಬಿಸಿಲಿನಲ್ಲಿ ಕಾತ್ರಜ್ ಘಾಟ್ ಹತ್ತುವಾಗ.

ಅದಕ್ಕಿಂತ ದೊಡ್ಡ ಚಿಂತೆ ಸತುವಿನದು. ಈ ಎಂಜಿನ್ನಿನಲ್ಲಿ ಕ್ಯಾಮ್ (ತಿರುಗುತ್ತಾ ವಾಲ್ವ್ ತೆರೆಸುವ ಉಬ್ಬು) ಟ್ಯಾಪೆಟ್‌ನ (ಆ ತಳ್ಳನ್ನು ವಾಲ್ವ್ ಕಡೆಗೆ ದಾಟಿಸುವ ಭಾಗ) ಮೇಲೆ ನೇರವಾಗಿ ಉಜ್ಜುತ್ತದೆ. ಅಲ್ಲಿ ಸವೆತ ತಡೆಯುವುದು ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಹೊಸ ಪೆಟ್ರೋಲ್ ಕಾರುಗಳ ತೆಳು ಎಣ್ಣೆಗಳಲ್ಲಿ ರಂಜಕಕ್ಕೆ ಮಿತಿ ಹಾಕಿದ್ದಾರೆ. ನಮ್ಮ ಪದ್ಮಿನಿಗೆ ಆ ಕನ್ವರ್ಟರೇ ಇಲ್ಲ!

ನಾನಾ ಪೇಠೆಯಲ್ಲಿ ಸತು ಹೆಚ್ಚಿರುವ 20ಡಬ್ಲ್ಯೂ-50 ಯಾವ ಕಂಪನಿಯದು ಸಿಗುತ್ತದೆ? ಡೀಸೆಲ್ ಎಂಜಿನ್ನಿನ 15ಡಬ್ಲ್ಯೂ-40 ಹಾಕಿ ನೋಡಿದವರಿದ್ದರೆ ಆಯಿಲ್ ಪ್ರೆಶರ್ ಹೇಗಿತ್ತು, ದಯವಿಟ್ಟು ತಿಳಿಸಿ.