ಭೂತಗನ್ನಡಿಯಲ್ಲಿ ಹುಳು ಹಿಗ್ಗುತ್ತದೆಯೇ? ಐದು ವರ್ಷದ ಮೊಮ್ಮಗಳಿಗೆ ಏನು ಹೇಳಲಿ?

ಮೂಡಿಗೆರೆಯ ಬೆಳೆಗಾರ:
ಕಾಫಿ ಹಣ್ಣಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಬಿಡಿಸಿ ನೋಡುವುದು ನನ್ನ ಅಭ್ಯಾಸ. ಒಳಗಿರುವ ಕಾಯಿಕೊರಕ ಹುಳು ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಭೂತಗನ್ನಡಿ ಇಲ್ಲದಿದ್ದರೆ ನನಗೆ ಬರಿಯ ಕಪ್ಪು ಚುಕ್ಕೆ. ನಿನ್ನೆ ಮೊಮ್ಮಗಳು ಕನ್ನಡಿ ಕಸಿದುಕೊಂಡು ನೋಡಿ, “ಅಜ್ಜಾ, ಗಾಜು ಹುಳುವನ್ನು ಹಿಗ್ಗಿಸಿದರೆ ಅದಕ್ಕೆ ನೋವಾಗುವುದಿಲ್ಲವೇ?” ಎಂದಳು. ‘ಪೀನ ಮಸೂರ, ವಕ್ರೀಭವನ’ ಎಂದು ಶುರುಮಾಡಿದೆ. ಮಗುವಿನ ಮುಖ ಬಾಡಿತು. ಸುಳ್ಳು ಹೇಳದೆ, ಅವಳಿಗೆ ತಿಳಿಯುವಂತೆ ಹೇಗೆ ಹೇಳಲಿ?

ಹಾಸನದ ನಿವೃತ್ತ ವಿಜ್ಞಾನ ಶಿಕ್ಷಕ:
ಹುಳುವಿಗೆ ಏನೂ ಆಗುವುದಿಲ್ಲ ಎಂದು ಮೊದಲು ಹೇಳಿಬಿಡಿ ಸರ್, ಅವಳ ಚಿಂತೆ ಅದೇ. ಆಮೇಲೆ ಗಾಜನ್ನು ಅವಳ ಬೆರಳಿನಿಂದ ಸವರಿಸಿ: ನಡು ದಪ್ಪ, ಅಂಚು ತೆಳು. ಹುಳುವಿನಿಂದ ಹೊರಟ ಬೆಳಕು ಈ ಉಬ್ಬಿನಲ್ಲಿ ಒಳಕ್ಕೆ ಬಾಗಿ ಕಣ್ಣಿಗೆ ಬರುತ್ತದೆ. ಬಾಗಿದ್ದು ಕಣ್ಣಿಗೆ ಗೊತ್ತಿಲ್ಲ. ನೇರವಾಗಿಯೇ ಬಂದಿತೆಂದು ನಂಬಿ, ಗಾಜಿನ ಆಚೆ ದೊಡ್ಡ ಹುಳುವನ್ನು ಕಾಣುತ್ತದೆ.

ಇನ್ನೊಂದು ಬಗೆಯೂ ಇದೆ, ನನಗೆ ಅದೇ ಹೆಚ್ಚು ಪ್ರಿಯ. ಯಾವುದೇ ವಸ್ತು ಕಣ್ಣಿಗೆ ಹತ್ತಿರವಾದಷ್ಟೂ ದೊಡ್ಡದಾಗಿ ಕಾಣುತ್ತದೆ, ತೀರಾ ಹತ್ತಿರವಾದರೆ ಮಸುಕಾಗುತ್ತದೆ. ದೊಡ್ಡವರಿಗೆ ಸುಮಾರು 25 ಸೆಂಟಿಮೀಟರ್ ಎಲ್ಲೆ, ನಮ್ಮಂಥ ವಯಸ್ಸಾದವರಿಗೆ ಇನ್ನೂ ದೂರ. ಆ ಎಲ್ಲೆಯೊಳಗೂ ಸ್ಪಷ್ಟವಾಗಿ ನೋಡಲು ಮಸೂರ ನೆರವಾಗುತ್ತದೆ. ಸಂಗಮ ದೂರ, ಅಂದರೆ ಬಿಸಿಲನ್ನು ಒಂದು ಚುಕ್ಕೆಯಾಗಿ ಕೂಡಿಸುವ ದೂರ, 10 ಸೆಂಟಿಮೀಟರ್ ಇರುವ ಗಾಜು ಸುಮಾರು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುವುದು ಹೀಗೆ: 25ರ ಬದಲು 10 ಸೆಂಟಿಮೀಟರ್‌ನಿಂದ ನೋಡಿದಂತೆ. ಪುಟ್ಟ ಮಕ್ಕಳ ಕಣ್ಣಾದರೋ 10 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನೂ ಸ್ಪಷ್ಟವಾಗಿ ನೋಡಬಲ್ಲದು.

ಸಕಲೇಶಪುರದ ಒಬ್ಬ ತಾಯಿ:
ನನ್ನ ಮಗನಿಗೆ ನಾನು ಮಾತಿನಲ್ಲಿ ಹೇಳಲೇ ಇಲ್ಲ. ದಿನಪತ್ರಿಕೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಹನಿ ನೀರು ಬಿಟ್ಟೆ. ಕೆಳಗಿನ ‘ಕ’ ಉಬ್ಬಿತು. ಹಾಳೆಯನ್ನು ತುಸು ಎತ್ತಿದಾಗ ಇನ್ನೂ ದೊಡ್ಡದಾಯಿತು. ಹನಿ ಒರೆಸಿದ ಮೇಲೆ ‘ಕ’ ಮೊದಲಿನಷ್ಟೇ. ಒಂದು ಮಾತು ಅಂಕಲ್, ಬಿಸಿಲಿನಲ್ಲಿ ಕನ್ನಡಿ ಕೊಟ್ಟು ಅವಳನ್ನು ಒಂಟಿಯಾಗಿ ಬಿಡಬೇಡಿ. ಒಣಗಿದ ತರಗೆಲೆ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಸೂರ್ಯನನ್ನು ನೋಡಿದರೆ ಕಣ್ಣೇ ಹೋದೀತು.

ಮೂಡಿಗೆರೆಯ ಬೆಳೆಗಾರ:
ಇಬ್ಬರಿಗೂ ವಂದನೆಗಳು. ಹನಿಯ ಆಟ ಇಪ್ಪತ್ತು ಸಲವಾದರೂ ನಡೆಯಿತು. ಹುಳುವಿಗೆ ನೋವಿಲ್ಲ ಎಂದು ಅವಳೇ ಅಜ್ಜಿಗೆ ವಿವರಿಸಿದಳು. ಮೇಷ್ಟರ ಮಾತು ನೆನಪಾಗಿ, ಬಿಡಿಸಿದ ಹಣ್ಣೊಂದನ್ನು ಕನ್ನಡಿಯಿಲ್ಲದೆ ಅವಳ ಕೈಗೆ ಕೊಟ್ಟೆ. ಮೂಗಿನ ಹತ್ತಿರಕ್ಕೆ ಹಿಡಿದು, “ಕಾಲು ಆಡಿಸುತ್ತಿದೆ ಅಜ್ಜಾ” ಎಂದಳು. ನಾನು ಕನ್ನಡಿ ಹಿಡಿದು ನೋಡಿದೆ. ಆಡಿಸುತ್ತಿತ್ತು.