ಸಹಾಯ ಬೇಕು: ಬಸಳೆ ಎಲೆಯ ಲೋಳೆ ಕಡಿಮೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನಲ್ಲಿ. ಪುತ್ತೂರಿನ ಅಮ್ಮನ ಮನೆಯಿಂದ ಒಂದು ಗೇಣು ಬಸಳೆ ದಂಟು ತಂದು ತಾರಸಿಯ ಕುಂಡದಲ್ಲಿ ನೆಟ್ಟಿದ್ದೆ. ಈ ಮಳೆಗೆ ಚಪ್ಪರ ತುಂಬಿ, ಬಟ್ಟೆ ಒಣಗಿಸುವ ಹಗ್ಗಕ್ಕೂ ಹಬ್ಬಿದೆ. ಎಲೆ ಒಂದೊಂದೂ ಅಂಗೈ ಅಗಲ. ವಾರಕ್ಕೆ ಎರಡು ಸಲ ಕೊಯ್ದರೂ ಮುಗಿಯುತ್ತಿಲ್ಲ.

ದಂಟಿಗೆ ತೊಂದರೆ ಇಲ್ಲ. ತೊಗರಿಬೇಳೆ ಜೊತೆ ಬೇಯಿಸಿ, ಹುರಿದ ಕೊತ್ತಂಬರಿ, ಒಣಮೆಣಸು, ತೆಂಗಿನಕಾಯಿ ಅರೆದು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಎಲ್ಲರೂ ಇಷ್ಟಪಟ್ಟು ಊಟ ಮಾಡ್ತಾರೆ. ಕಷ್ಟ ಎಲೆಯದ್ದು. ಪಲ್ಯ ಮಾಡಿದರೆ ಲೋಳೆ ಲೋಳೆ. ಏಳು ವರ್ಷದ ಮಗಳು ಬೆರಳಲ್ಲಿ ಎತ್ತಿ, ನೂಲು ಬರೋದನ್ನು ತೋರಿಸಿ, ತಟ್ಟೆ ದೂರ ತಳ್ಳುತ್ತಾಳೆ. ನನಗೆ ತುಂಬಾ ಬೇಜಾರಾಗುತ್ತೆ. ಅಮ್ಮನ ಮನೆಯ ಬಳ್ಳಿ ಅಲ್ವಾ?

ನೀರು ಹಾಕದೆ, ಮುಚ್ಚಳ ಮುಚ್ಚದೆ ಹುರಿದು ಸ್ವಲ್ಪ ಹುಣಸೆರಸ ಹಾಕಿ ನೋಡಿದೆ. ಲೋಳೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತಂಬುಳಿಗಾದರೆ ಎಲೆಯನ್ನು ತುಪ್ಪದಲ್ಲಿ ಎಷ್ಟು ಹೊತ್ತು ಬಾಡಿಸಬೇಕು? ಅಕ್ಕಿರೊಟ್ಟಿ ಹಿಟ್ಟಿಗೆ ಹೆಚ್ಚಿ ಹಾಕಿದರೆ ರೊಟ್ಟಿ ಮೆತ್ತಗಾಗುತ್ತಾ? ಬೆಳಗ್ಗೆ ಡಬ್ಬಿಗೆ ಕಟ್ಟುವಂಥದ್ದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಅಳತೆ ಸಮೇತ ಹೇಳಿ.

ಮೈಸೂರಿನವರಿಗೆ ದಂಟು ಬೇಕಿದ್ದರೆ ಖಂಡಿತ ಕೊಡ್ತೇನೆ. ಸುಮ್ನೆ ಮಣ್ಣಿಗೆ ಚುಚ್ಚಿ ನೀರು ಹಾಕಿದರೆ ಸಾಕು, ಬೇರು ಬಿಡುತ್ತೆ.