ಅಪ್ಪನ ಕುಡಿತದ ವಿಷಯ ಅಡ್ಮಿಶನ್ ಎಸ್ಸೇಯಲ್ಲಿ ಬರೀಬೇಕಾ, ಬೇಡವಾ?

ಮುಧೋಳದ ಹುಡುಗ
ನಾನು ಪಿಯುಸಿ ಎರಡನೇ ವರ್ಷ, ವಿಜಯಪುರದಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ಊರು ಮುಧೋಳ ತಾಲೂಕು, ಘಟಪ್ರಭಾ ದಂಡೆ. ಅಮೆರಿಕದ ನಾಲ್ಕು ಕಾಲೇಜಿಗೆ ಕಾಮನ್ ಆ್ಯಪ್‌ನಲ್ಲಿ (ಒಂದೇ ಫಾರ್ಮ್ ತುಂಬಿ ಹಲವು ಕಾಲೇಜಿಗೆ ಕಳಿಸೋ ವೆಬ್‌ಸೈಟ್) ಅರ್ಜಿ ಹಾಕುತ್ತಿದ್ದೇನೆ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೋಗೋದು, ಇಲ್ಲಾಂದ್ರೆ ಸಿಇಟಿ ಇದ್ದೇ ಇದೆ. ಅದರಲ್ಲಿ ನನ್ನ ಬಗ್ಗೆ 650 ಪದದೊಳಗೆ ಎಸ್ಸೇ ಬರೀಬೇಕು, ಅಲ್ಲೇ ಸಿಕ್ಕಿಬಿದ್ದಿದ್ದೇನೆ.

2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ನಮ್ಮ ಹಿಂದಿನ ಗೋಡೆ ಬಿತ್ತು, ನಿಂತ ಕಬ್ಬು ಕೊಳೆಯಿತು. ಅದನ್ನು ಬರೆಯೋಕೆ ತೊಂದರೆ ಇಲ್ಲ, ಊರಿಗೆಲ್ಲ ಗೊತ್ತಿರೋದೇ. ಆದರೆ ಆಮೇಲೆ ಅಪ್ಪಾಜಿ ಕುಡಿಯೋಕೆ ಶುರು ಮಾಡಿದರು. ಒಂಬತ್ತನೇ ಕ್ಲಾಸಲ್ಲಿ ನನ್ನ ಮಾರ್ಕ್ಸು 88ರಿಂದ 61ಕ್ಕೆ ಇಳಿದಿದ್ದು ಅದಕ್ಕೇ. ಈಗ ಒಂದೂವರೆ ವರ್ಷದಿಂದ ಮುಟ್ಟಿಲ್ಲ. ಅವ್ವನಿಗೆ ಎಸ್ಸೇ ವಿಷಯ ಹೇಳಿದೆ. "ಮನಿ ಮಾತು ಹೊರಗ ಹಾಕತೀಯೇನು?" ಅಂದು ಎದ್ದು ಒಳಗೆ ಹೋದಳು. ಇಲ್ಲಿ ನೋಡಿದರೆ ನೆಟ್‌ನಲ್ಲಿ ಸಿಗೋ ಮಾದರಿ ಎಸ್ಸೇಗಳಲ್ಲೆಲ್ಲ ಯಾರದೋ ಸಾವು, ಯಾರಿಗೋ ಕ್ಯಾನ್ಸರ್. ದುಃಖ ತೋರಿಸಿದರೇ ಸೀಟಾ?

ಟಿಳಕವಾಡಿ ಅಕ್ಕ
ತಮ್ಮಾ, ನಾನೂ ಇದೇ ಫಾರ್ಮ್ ತುಂಬಿ ಹೋದವಳು. ಮಾರ್ಕ್ಸ್ ಯಾಕೆ ಇಳೀತು ಅನ್ನೋದನ್ನು ಎಸ್ಸೇಗೆ ಕಟ್ಟಬೇಡ. ಅಲ್ಲಿನ ಕಾಲೇಜಿನವರು ಒಂಬತ್ತನೇ ಕ್ಲಾಸಿನಿಂದ ಮಾರ್ಕ್ಸ್ ನೋಡ್ತಾರೆ, ಹಾಗಾಗಿ ಕಾರಣ ಹೇಳಲೇಬೇಕು, ಆದರೆ ಅದಕ್ಕೆ ಬೇರೆ ಜಾಗ ಇದೆ. ಕಷ್ಟ, ಪರಿಸ್ಥಿತಿ ಬಗ್ಗೆ ಕೇಳೋ 250 ಪದದ ಪ್ರಶ್ನೆ, ಬೇಕಿದ್ದವರು ಮಾತ್ರ ಬರೆಯೋದು. ಅಲ್ಲಿ ಮೂರು ಸಾಲು ಸಾಕು. 'ಮನೆಯಲ್ಲಿ ಕಾಯಿಲೆ ಇತ್ತು' ಅಂತ ಬರೆದರೂ ಸುಳ್ಳಾಗಲ್ಲ, ಕುಡಿತದ ಚಟವೂ ಕಾಯಿಲೆಯೇ. ಅರ್ಜಿ ಜೊತೆ ಹೋಗೋ ಪ್ರಿನ್ಸಿಪಾಲರ ಪತ್ರದಲ್ಲೂ ಒಂದು ಮಾತು ಹಾಕಿಸಬಹುದು.

ಎಸ್ಸೇಗೆ ಒಂದು ಕೆಲಸ ಮಾಡು. ಈಗ ಬರೆದಿರೋದನ್ನು ಪ್ರಿಂಟ್ ತೆಗೆದು, ನೀನು ಏನಾದರೂ ಮಾಡಿದ ಸಾಲಿಗೆ ಮಾತ್ರ ಹಳದಿ ಹೈಲೈಟರ್ ಹಚ್ಚು. ನನ್ನ ಮೊದಲ ಡ್ರಾಫ್ಟ್‌ನಲ್ಲಿ ನಾಲ್ಕೇ ಸಾಲು ಹಳದಿ ಆಗಿತ್ತು, ಉಳಿದಿದ್ದೆಲ್ಲ ಅಜ್ಜಿಯ ದವಾಖಾನೆ ಕಥೆ. ಪಾಪ ಅಜ್ಜಿಗೇ ಅಡ್ಮಿಶನ್ ಕೊಡಬೇಕಿತ್ತು ಅವರು.

ನವನಗರದ ಮೇಷ್ಟ್ರು
ನಾನು ಇದಕ್ಕೆ ಪೂರ್ತಿ ಒಪ್ಪೋದಿಲ್ಲ ರೀ. ಆಲಮಟ್ಟಿ ಹಿನ್ನೀರಲ್ಲಿ ಹಳೇ ಬಾಗಲಕೋಟೆಯ ಮನೆ ಕಳಕೊಂಡವರು ನಾವು. ಕಷ್ಟಕ್ಕೆ ಸೀಟು ಸಿಗೋದಾದರೆ ನವನಗರದ ಮಕ್ಕಳೆಲ್ಲ ಇಷ್ಟೊತ್ತಿಗೆ ಅಮೆರಿಕದಲ್ಲಿರಬೇಕಿತ್ತು.

ನನ್ನ ಚಿಂತೆ ಬೇರೆ. ನಮ್ಮ ಕಡೆ ಹುಡುಗ ಫಾರಿನ್‌ಗೆ ಹೊರಟರೆ ಪೇಪರಿನವರು ಮನೆಗೇ ಬರ್ತಾರೆ, 'ಬಡತನದಲ್ಲಿ ಅರಳಿದ ಪ್ರತಿಭೆ' ಅಂತ ಫೋಟೋ ಹಾಕ್ತಾರೆ. ನೀನು ಬರೆದಿದ್ದನ್ನು ಯಾರೋ ಎದುರಿಗೇ ಕೇಳಿದರೆ, ಅದೂ ಹಾಸ್ಟೆಲ್ ರೂಮಲ್ಲಿ ಇನ್ನೂ ಮೂರು ಜನ ಕಿವಿ ಕೊಟ್ಟು ಕೂತಿರುವಾಗ ಕಾಲೇಜಿನವರು ಝೂಮ್ ಇಂಟರ್‌ವ್ಯೂನಲ್ಲಿ ಕೇಳಿದರೆ, ಗಂಟಲು ಕಟ್ಟದೆ ಹೇಳೋಕಾಗುತ್ತಾ? ಆಗಲ್ಲ ಅಂದ್ರೆ ಬರೀಬೇಡ. ಇನ್ನೊಂದು, ಅವ್ವನನ್ನು ಕೇಳಿದೆ ಸರಿ, ಅಪ್ಪನನ್ನು ಕೇಳಿದೆಯಾ? ಮಾತು ಅವರದ್ದಲ್ವಾ?

ಮುಧೋಳದ ಹುಡುಗ
ಹಳದಿ ಹಚ್ಚಿದೆ ಅಕ್ಕಾ. ಆರು ಸಾಲು. ಆರೂ ಲೆಕ್ಕದ ವಹಿ ಬಗ್ಗೆ. ಆ ವರ್ಷ ಕಬ್ಬಿನ ಲೆಕ್ಕ ನಾನೇ ಬರೀತಿದ್ದೆ, ಕಟಾವಿನ ಗ್ಯಾಂಗಿಗೆ ಕೊಟ್ಟ ಅಡ್ವಾನ್ಸು, ಸೊಸೈಟಿ ಸಾಲದ ಬಡ್ಡಿ, ತೂಕದ ಚೀಟಿ, ಎಲ್ಲಾ. ಒಂದು ಸಲ ಚೀಟಿ ಕೂಡಿಸಿದರೆ ಕಾರ್ಖಾನೆಯ ಬಿಲ್ಲಿನಲ್ಲಿ ನಾಲ್ಕು ಟನ್ ಕಡಿಮೆ ಬಂದಿತ್ತು. ಯೂನಿಫಾರ್ಮ್‌ನಲ್ಲೇ ಬಸ್ ಹತ್ತಿ ಹೋಗಿ ಆಫೀಸಲ್ಲಿ ಎರಡು ದಿನ ಕೂತು ಸರಿ ಮಾಡಿಸಿದೆ. ಇದನ್ನು ಯಾರು ಓದ್ತಾರೆ ಅಂತ ಸುಮ್ನೆ ಕೊನೆಗೆ ತುರುಕಿದ್ದೆ.

ಟಿಳಕವಾಡಿ ಅಕ್ಕ
ಅಯ್ಯೋ ಹುಚ್ಚಾ, ಇದೇ ಎಸ್ಸೇ! ಬಸ್ಸಿನಿಂದ ಶುರು ಮಾಡು. ಲೆಕ್ಕ ನಿನ್ನ ಕೈಗೆ ಯಾಕೆ ಬಂತು ಅನ್ನೋಕೆ ಅಪ್ಪನ ಬಗ್ಗೆ ಒಂದು ಸಾಲು ಸಾಕು, ಜಾಸ್ತಿ ಬೇಡ. ಮೇಷ್ಟ್ರು ಹೇಳಿದ್ದೂ ಖರೆ, ಆ ಒಂದು ಸಾಲಿಗಾದರೂ ಅವರನ್ನು ಕೇಳು.

ಮುಧೋಳದ ಹುಡುಗ
ನಿನ್ನೆ ರಾತ್ರಿ ಫೋನಲ್ಲಿ ಅಪ್ಪಾಜಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ, ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ "ಹೆಸರು ಹಾಕಬ್ಯಾಡ" ಅಂದರು. ಮತ್ತೆ, "ನಾಕು ಟನ್ ಅಲ್ಲೋ, ನಾಕೂವರಿ. ಚೀಟಿ ಇನ್ನೂ ಟ್ರಂಕಿನ್ಯಾಗ ಅದಾವ" ಅಂದರು. ತಿದ್ದಿದ್ದೇನೆ.